ದುಡ್ಡಿಲ್ಲದ ತಿಂಗಳಿಗೆ ದಂಡ

2017ರ ಏಪ್ರಿಲ್ 1ರಂದು ಎರಡು ಸಂಗತಿಗಳು ಒಟ್ಟಿಗೇ ನಡೆದವು. 1913ರಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಹುಟ್ಟಿದ, ಹಳೇ ಮೈಸೂರು ಸೀಮೆಯ ಜನರ ಬಾಯಲ್ಲಿ ಕೊನೆಯವರೆಗೂ ‘ಮೈಸೂರು ಬ್ಯಾಂಕ್’ ಆಗಿಯೇ ಉಳಿದಿದ್ದ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಅಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ಅದೇ ದಿನದಿಂದ ಭಾರತೀಯ ಸ್ಟೇಟ್ ಬ್ಯಾಂಕು ತಾನು 2012ರಲ್ಲಿ ಕೈಬಿಟ್ಟಿದ್ದ ಮಿನಿಮಮ್ ಬ್ಯಾಲೆನ್ಸ್ ದಂಡವನ್ನು ಮತ್ತೆ ಜಾರಿಗೆ ತಂದಿತು. ಮಹಾನಗರದ ಶಾಖೆಯಲ್ಲಿ 5,000 ರೂಪಾಯಿ, ನಗರದಲ್ಲಿ 3,000, ಅರೆ ನಗರದಲ್ಲಿ 2,000, ಹಳ್ಳಿಯಲ್ಲಿ 1,000. ತಿಂಗಳ ಸರಾಸರಿ ಇದಕ್ಕಿಂತ ಇಳಿದರೆ ದಂಡ, ದಂಡದ ಮೇಲೆ ತೆರಿಗೆ.

ಬ್ಯಾಂಕುಗಳ ಲೆಕ್ಕದಲ್ಲಿ 10 ಸಾವಿರದಿಂದ 1 ಲಕ್ಷದವರೆಗೆ ಜನಸಂಖ್ಯೆ ಇರುವ ಊರು ಅರೆ ನಗರ. 2011ರ ಜನಗಣತಿಯಲ್ಲಿ ಚಾಮರಾಜನಗರ ಪಟ್ಟಣದ ಜನಸಂಖ್ಯೆ ಸುಮಾರು 70 ಸಾವಿರ, ಗುಂಡ್ಲುಪೇಟೆಯದು 30 ಸಾವಿರದೊಳಗೆ. ಎರಡೂ ಇದೇ ಪಟ್ಟಿಗೆ ಸೇರಿದವು. ಅಲ್ಲಿನ ಶಾಖೆಯಲ್ಲಿ ಖಾತೆ ಇರುವ ಸುತ್ತಲಿನ ಹಳ್ಳಿಯ ರೈತ, ಕೂಲಿಯವನು, ಹೂ ಕಟ್ಟುವ ಹೆಂಗಸು ಎಲ್ಲರಿಗೂ ಪಟ್ಟಣದ ಅಳತೆಯೇ ಅನ್ವಯ. ಮನೆ ಎಲ್ಲಿದೆ ಎಂಬುದು ಲೆಕ್ಕಕ್ಕಿಲ್ಲ, ಶಾಖೆ ಎಲ್ಲಿದೆ ಎಂಬುದಷ್ಟೇ ಲೆಕ್ಕ.

ಆ ವರ್ಷದ ಏಪ್ರಿಲ್‌ನಿಂದ ನವೆಂಬರ್‌ವರೆಗಿನ ಎಂಟು ತಿಂಗಳಲ್ಲಿ ಈ ದಂಡದಿಂದ ಆ ಬ್ಯಾಂಕಿಗೆ ಬಂದದ್ದು 1,771 ಕೋಟಿ ರೂಪಾಯಿ. 2017ರ ಜುಲೈ–ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ಅದೇ ಬ್ಯಾಂಕಿನ ನಿವ್ವಳ ಲಾಭ 1,581 ಕೋಟಿ. ಈ ಎರಡು ಅಂಕಿಗಳನ್ನು ಜನ ಅಕ್ಕಪಕ್ಕ ಇಟ್ಟು ನೋಡಿದಾಗ ಗದ್ದಲವೆದ್ದಿತು. 2018ರ ಏಪ್ರಿಲ್‌ನಲ್ಲಿ ಅರೆ ನಗರದ ದಂಡದ ಮಿತಿ 40 ರೂಪಾಯಿಯಿಂದ 12ಕ್ಕೆ ಇಳಿಯಿತು. 2020ರ ಮಾರ್ಚ್‌ನಲ್ಲಿ 44.51 ಕೋಟಿ ಉಳಿತಾಯ ಖಾತೆಗಳಿಗೂ ಅದು ಪೂರ್ತಿ ರದ್ದಾಯಿತು. ಉಳಿದ ಸರ್ಕಾರಿ ಬ್ಯಾಂಕುಗಳು ನಿಧಾನಿಸಿದವು. 2023–24ರ ಒಂದೇ ವರ್ಷದಲ್ಲಿ ಸರ್ಕಾರಿ ಬ್ಯಾಂಕುಗಳು ಈ ಬಾಬ್ತಿನಲ್ಲಿ 2,331 ಕೋಟಿ ಸಂಗ್ರಹಿಸಿವೆ ಎಂದು ಕೇಂದ್ರ ಸರ್ಕಾರವೇ ಸಂಸತ್ತಿಗೆ ತಿಳಿಸಿತು. ಕಡೆಗೆ 2025ರ ಜೂನ್ 1ರಿಂದ ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕ್ ಎಲ್ಲ ಬಗೆಯ ಉಳಿತಾಯ ಖಾತೆಗಳಿಗೂ ಈ ದಂಡವನ್ನು ಕೈಬಿಟ್ಟಿತು. ಮುಂದಿನ ಒಂದೆರಡು ತಿಂಗಳಲ್ಲೇ ಇನ್ನೂ ಕೆಲವು ಸರ್ಕಾರಿ ಬ್ಯಾಂಕುಗಳು ಅದೇ ದಾರಿ ಹಿಡಿದವು.

ಹಾಗಾದರೆ ಮಾತು ಮುಗಿಯಿತೇ? ಇಲ್ಲ. ಸರ್ಕಾರಿ ಬ್ಯಾಂಕುಗಳು ದಂಡ ಬಿಡುತ್ತಿದ್ದ ಆ ದಿನಗಳಲ್ಲೇ, 2025ರ ಆಗಸ್ಟ್‌ನಲ್ಲಿ, ಐಸಿಐಸಿಐ ಬ್ಯಾಂಕ್ ಹೊಸ ಗ್ರಾಹಕರಿಗೆ ತಿಂಗಳ ಸರಾಸರಿಯನ್ನು ನಗರಗಳಲ್ಲಿ 50,000, ಅರೆ ನಗರಗಳಲ್ಲಿ 25,000 ರೂಪಾಯಿಗೆ ಏರಿಸಿತು. ಟೀಕೆ ಬಂದ ಮೇಲೆ ಕೆಲವೇ ದಿನಗಳಲ್ಲಿ 15,000 ಮತ್ತು 7,500ಕ್ಕೆ ಇಳಿಸಿತು. ಮಿನಿಮಮ್ ಬ್ಯಾಲೆನ್ಸ್ ಎಷ್ಟಿರಬೇಕೆಂಬುದು ಆಯಾ ಬ್ಯಾಂಕಿಗೆ ಬಿಟ್ಟದ್ದು, ಅದು ತಮ್ಮ ನಿಯಂತ್ರಣದ ವ್ಯಾಪ್ತಿಗೆ ಬರುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ ಗವರ್ನರ್ ಸಂಜಯ್ ಮಲ್ಹೋತ್ರಾ ಆಗ ಹೇಳಿದರು. ಕರ್ನಾಟಕದಲ್ಲಿ 2025–26ರ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂಪಾಯಿ. ಇಳಿಸಿದ ಮೇಲಿನ 7,500 ಅಂದರೂ ಇಪ್ಪತ್ತು ದಿನದ ಕೂಲಿ, ಅದನ್ನು ಮುಟ್ಟದೆ ಹಾಗೇ ಇಟ್ಟಿರಬೇಕು. ಇದರ ಜೊತೆಗೆ ಕಂತು ಬೌನ್ಸ್ ಆದದ್ದಕ್ಕೆ ಶುಲ್ಕ, ಎಟಿಎಂನಲ್ಲಿ ಹಣ ಸಾಲದೆ ಬಂದದ್ದಕ್ಕೆ ಶುಲ್ಕ, ಎಸ್‌ಎಂಎಸ್ ಶುಲ್ಕ. ಇವು ಸರ್ಕಾರಿ ಬ್ಯಾಂಕುಗಳಲ್ಲೂ ಹೋಗಿಲ್ಲ.

ಇವೆಲ್ಲದರ ಹಿಂದೆ ಒಂದೇ ಪ್ರಶ್ನೆ ಇದೆ. ತಪ್ಪು ಯಾರದು? ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಲು ಬಂದವರು ಕಟ್ಟಾದ ಮೊತ್ತ ಕಂಡು ಕೇಳಿದರೆ ಕೌಂಟರಿನ ಆಚೆಯಿಂದ ಬರುವ ಉತ್ತರ, “ಬ್ಯಾಲೆನ್ಸ್ ಇಟ್ಕೋಬೇಕು ಕಣವ್ವ.” ಈಚೆಯಿಂದ ಹೋಗುವ ಮಾತು, “ಇದ್ರ ಇಟ್ಕತಿರ್ನಿಲ್ವಾ ಸಾ?” ಒಂದು ಹೊಣೆಯ ಮಾತು, ಇನ್ನೊಂದು ನ್ಯಾಯದ ಮಾತು. ಎರಡರಲ್ಲೂ ಸತ್ಯವಿದೆ.

ಹೊಣೆಯ ಮಾತನ್ನು ಹಗುರವಾಗಿ ತಳ್ಳಿಹಾಕಬಾರದು. ಖಾತೆ ತೆರೆದವರು ಒಂದು ಒಪ್ಪಂದಕ್ಕೆ ಸಹಿ ಹಾಕಿದ್ದಾರೆ. ಶಾಖೆ, ಸಿಬ್ಬಂದಿ, ಎಟಿಎಂ, ಪಾಸ್‌ಬುಕ್ ಯಂತ್ರ ಇವಕ್ಕೆಲ್ಲ ಖರ್ಚಿದೆ. ಬೈಕ್ ಸಾಲದ ಕಂತು 5ನೇ ತಾರೀಕು ಕಟ್ಟಾಗುತ್ತದೆಂದು ಗೊತ್ತಿದ್ದೂ 4ರ ಸಂಜೆ ಇದ್ದಬದ್ದದ್ದನ್ನೆಲ್ಲ ಫೋನ್‌ಪೇಯಲ್ಲಿ ಖಾಲಿ ಮಾಡಿದರೆ ಅದಕ್ಕೆ ಬ್ಯಾಂಕನ್ನು ಬೈದು ಪ್ರಯೋಜನವಿಲ್ಲ. ಮೊಬೈಲ್ ನಂಬರ್ ಬದಲಾಯಿಸಿ, ಹೊಸದನ್ನು ಶಾಖೆಗೆ ಕೊಡದೆ, ಸಂದೇಶವೇ ಬರಲಿಲ್ಲ ಎಂದರೆ ಯಾರೂ ಒಪ್ಪುವುದಿಲ್ಲ. ಕಾನೂನು ಕೂಡ ಇದನ್ನು ಗಂಭೀರವಾಗಿಯೇ ನೋಡುತ್ತದೆ. 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಯ 25ನೇ ಕಲಂ ಪ್ರಕಾರ, ಸಾಲ ತೀರಿಸಲು ಕೊಟ್ಟ ಆಟೋ ಡೆಬಿಟ್ ಹಣವಿಲ್ಲದೆ ವಾಪಸಾದರೆ ಅದು ಚೆಕ್ ಬೌನ್ಸ್‌ನಂತೆಯೇ ಅಪರಾಧ. ಎರಡು ವರ್ಷದವರೆಗೆ ಸೆರೆಯಾಗಬಹುದು, ಮೊತ್ತದ ಎರಡರಷ್ಟು ದಂಡ ಬೀಳಬಹುದು, ಎರಡೂ ಒಟ್ಟಿಗೆ ಬರಬಹುದು. ಐದಾರು ಕಡೆ ಕಂತಿಗೆ ಸಹಿ ಹಾಕುವ ಮೊದಲು ಈ ಒಂದು ಕಲಮನ್ನಾದರೂ ಜನರಿಗೆ ಯಾರಾದರೂ ಓದಿ ಹೇಳಬೇಕಿತ್ತು.

ಆದರೆ ಹೊಣೆ ಹೊರಿಸಬೇಕಾದರೆ ಒಂದು ಷರತ್ತಿದೆ. ಆ ಮನುಷ್ಯನಿಗೆ ತಪ್ಪಿಸಿಕೊಳ್ಳುವ ದಾರಿ ಇದ್ದಿರಬೇಕು. ಗೊತ್ತಿದ್ದು, ಕೈಯಲ್ಲಿ ಆಗುವಂತಿದ್ದು, ಆಮೇಲೆ ಮಾಡದಿದ್ದರೆ ಹೊಣೆ ಅವನದು. ನನ್ನ ವಾದವೆಲ್ಲ ಇಷ್ಟೇ. ಬ್ಯಾಂಕ್ ಶುಲ್ಕ ನ್ಯಾಯವೋ ಅನ್ಯಾಯವೋ ಎಂಬುದನ್ನು ನಿಯಮ ಎಲ್ಲೋ ಅಚ್ಚಾಗಿತ್ತೇ ಎಂಬುದರಿಂದ ಅಳೆಯಲಾಗದು. ತೆತ್ತವರಿಗೆ ಅದನ್ನು ತಪ್ಪಿಸುವುದು ಸಾಧ್ಯವಿತ್ತೇ ಎಂಬುದರಿಂದ ಅಳೆಯಬೇಕು.

ಈ ಅಳತೆ ಹಿಡಿದು ಗುಂಡ್ಲುಪೇಟೆಯ ಒಂದು ವರ್ಷವನ್ನು ನೋಡೋಣ. ಬಂಡೀಪುರದ ಅಂಚಿನ ಈ ತಾಲ್ಲೂಕಿನಲ್ಲಿ ಬಹುಪಾಲು ಬೇಸಾಯ ಮಳೆಯನ್ನೇ ನಂಬಿದ್ದು. ಮುಂಗಾರಿನಲ್ಲಿ ಸೂರ್ಯಕಾಂತಿ, ಬಣ್ಣ ತೆಗೆಯುವ ಕಾರ್ಖಾನೆಗಳಿಗೆ ಹೋಗುವ ಚೆಂಡು ಹೂ. ಬೋರ್‌ವೆಲ್ ಇದ್ದಲ್ಲಿ ಬಾಳೆ, ಅರಿಸಿನ, ಟೊಮೆಟೊ, ಸಣ್ಣ ಈರುಳ್ಳಿ. ತೆರಕಣಾಂಬಿಯ ತರಕಾರಿ ಮಾರುಕಟ್ಟೆಯಿಂದ ಲಾರಿಗಳು ಕೇರಳಕ್ಕೂ ತಮಿಳುನಾಡಿಗೂ ಹೋಗುತ್ತವೆ. ಓಣಂ ಮುಂದಿರುವಾಗ ಒಂದು ರೇಟು, ಹಬ್ಬ ಮುಗಿದ ವಾರ ಇನ್ನೊಂದು ರೇಟು. ಹಣ ಇಲ್ಲಿ ತಿಂಗಳಿಗೊಮ್ಮೆ ಬರುವುದಿಲ್ಲ. ಬಂದರೆ ಒಟ್ಟಿಗೆ ಬರುತ್ತದೆ. ಬರದಿದ್ದರೆ ತಿಂಗಳುಗಟ್ಟಲೆ ಇಲ್ಲ.

ಭಾರತೀಯ ಸ್ಟೇಟ್ ಬ್ಯಾಂಕಿನ 2018ರ ಏಪ್ರಿಲ್‌ಗೆ ಮುಂಚಿನ ಅರೆ ನಗರದ ದರವನ್ನೇ ಇಟ್ಟುಕೊಂಡು, ಲೆಕ್ಕಕ್ಕಾಗಿ ಒಬ್ಬ ರೈತನನ್ನು ಊಹಿಸಿಕೊಳ್ಳೋಣ. ಬೆಳೆ ಮಾರಿದ 40,000 ರೂಪಾಯಿ ಸೆಪ್ಟೆಂಬರಿನಲ್ಲಿ ಅವನ ಖಾತೆಗೆ ಬಿದ್ದು ಒಂದು ತಿಂಗಳು ಅಲ್ಲೇ ಇರುತ್ತದೆ. ಆಮೇಲೆ ಗೊಬ್ಬರದಂಗಡಿಯ ಬಾಕಿ, ಕೂಲಿ, ಮಕ್ಕಳ ಫೀಸು ಎಂದು ಕರಗಿ, ಉಳಿದ ಹನ್ನೊಂದು ತಿಂಗಳು ಖಾತೆಯಲ್ಲಿ ನೂರಿನ್ನೂರು ರೂಪಾಯಿ ಮಾತ್ರ. ಸರಾಸರಿ ಎಂಬುದು ದಿನದ ಕೊನೆಯ ಬ್ಯಾಲೆನ್ಸ್‌ಗಳನ್ನೆಲ್ಲ ಕೂಡಿಸಿ ದಿನಗಳಿಂದ ಭಾಗಿಸಿದ ಮೊತ್ತ. 2,000ದ ಸರಾಸರಿ ಬೇಕೆಂದರೆ 30 ದಿನದ ಬ್ಯಾಲೆನ್ಸ್‌ಗಳ ಒಟ್ಟು 60,000 ಆಗಬೇಕು. ತಿಂಗಳಲ್ಲಿ ನಾಲ್ಕೇ ದಿನ 15,000 ಇಟ್ಟರೂ ಆ ತಿಂಗಳಿಗೆ ಸಾಕು. ಸೆಪ್ಟೆಂಬರಿನಲ್ಲಿ ನಮ್ಮ ರೈತ ಬೇಕಾದದ್ದಕ್ಕಿಂತ ಇಪ್ಪತ್ತು ಪಟ್ಟು ಹೆಚ್ಚು ಇಟ್ಟಿದ್ದಾನೆ. ಇಡೀ ವರ್ಷದ ಮೇಲೆ ಹಂಚಿದರೂ ಅವನ ಸರಾಸರಿ 3,000 ದಾಟುತ್ತದೆ. ಅಂದರೆ ಬ್ಯಾಂಕು ಕೇಳಿದ್ದಕ್ಕಿಂತ ಹೆಚ್ಚು ಹಣವನ್ನು ಅವನು ಬ್ಯಾಂಕಿನಲ್ಲಿ ಇಟ್ಟೇ ಇದ್ದಾನೆ. ಆದರೂ ಹನ್ನೊಂದು ತಿಂಗಳು ಅವನು ತಪ್ಪಿತಸ್ಥ. ತಿಂಗಳಿಗೆ 40 ರೂಪಾಯಿಯಂತೆ 440, ಅದರ ಮೇಲೆ ಶೇ 18ರ ಜಿಎಸ್‌ಟಿ ಸೇರಿ 519 ರೂಪಾಯಿ 20 ಪೈಸೆ. ಶೇ 3.5ರ ಬಡ್ಡಿಯಲ್ಲಿ ಆ 40,000 ರೂಪಾಯಿಗೆ ಒಂದು ತಿಂಗಳಿಗೆ ಬ್ಯಾಂಕು ಕೊಟ್ಟದ್ದು ಸುಮಾರು 115 ರೂಪಾಯಿ. ಕೊಟ್ಟದ್ದಕ್ಕಿಂತ ನಾಲ್ಕು ಪಟ್ಟು ವಾಪಸ್ ಪಡೆದಂತಾಯಿತು.

ಈ ಲೆಕ್ಕ ಮೊದಲ ಸಲ ಕಾಗದದ ಮೇಲೆ ಮೂಡಿದಾಗ ನನಗೆ ಸಿಟ್ಟು ಬಂತು. ಈಗಲೂ ಬರುತ್ತದೆ. ಈ ರೈತ ಯಾವ ಬೇಜವಾಬ್ದಾರಿ ಮಾಡಿದ್ದಾನೆ? ಅವನ ತಪ್ಪು ಒಂದೇ, ಅವನ ಹಣ ಸಂಬಳದವರ ಕ್ಯಾಲೆಂಡರಿಗೆ ಹೊಂದಿ ಬರಲಿಲ್ಲ.

ಬ್ಯಾಂಕುಗಳಿಗೆ ಬೆಳೆಯ ಕ್ಯಾಲೆಂಡರ್ ಗೊತ್ತಿಲ್ಲವೇ ಎಂದರೆ, ಚೆನ್ನಾಗಿ ಗೊತ್ತಿದೆ. ಅದೇ ಶಾಖೆಯ ಇನ್ನೊಂದು ಮೇಜಿನಲ್ಲಿ ಕಿಸಾನ್ ಕ್ರೆಡಿಟ್ ಕಾರ್ಡ್ ಸಾಲ ಇದೆ. 1998ರಲ್ಲಿ ಆರಂಭವಾದ ಈ ಯೋಜನೆ ತಿರುಳಿನಲ್ಲಿ ಒಂದು ಓವರ್‌ಡ್ರಾಫ್ಟ್. ಮಿತಿಯೊಳಗೆ ಬೇಕಾದಾಗ ತೆಗೆದು, ಬೆಳೆ ಬಂದಾಗ ತುಂಬುವುದು. ಮರುಪಾವತಿಯ ಗಡುವನ್ನು ಕೊಯ್ಲು ಮತ್ತು ಮಾರಾಟದ ಕಾಲ ನೋಡಿ ಇಡುತ್ತಾರೆ. ಸಾಲ ವಸೂಲಾಗದ ಪಟ್ಟಿಗೆ ಸೇರುವುದು ಕೂಡ ತಿಂಗಳ ಲೆಕ್ಕದಲ್ಲಲ್ಲ, ಬೆಳೆಯ ಲೆಕ್ಕದಲ್ಲಿ. ಅಲ್ಪಾವಧಿ ಬೆಳೆಗೆ ಎರಡು ಹಂಗಾಮು, ದೀರ್ಘಾವಧಿಗೆ ಒಂದು. ತಾನು ಸಾಲ ಕೊಟ್ಟಾಗ ರೈತನಿಗೆ ತಿಂಗಳಿಗೊಮ್ಮೆ ಆದಾಯ ಬರುವುದಿಲ್ಲ ಎಂದು ಒಪ್ಪುವ ಬ್ಯಾಂಕು, ಅವನು ತನ್ನಲ್ಲಿ ಹಣ ಇಟ್ಟಾಗ ಅದನ್ನು ಮರೆಯುತ್ತದೆ. ಒಂದೇ ಮನುಷ್ಯ, ಒಂದೇ ಜಮೀನು, ಎರಡು ಕ್ಯಾಲೆಂಡರು.

ಇಲ್ಲಿ ರಿಸರ್ವ್ ಬ್ಯಾಂಕಿನ ಇತಿಹಾಸದ ಒಂದು ಪುಟವನ್ನು ನೆನೆಯಬೇಕು. 2014ರ ಏಪ್ರಿಲ್ 1ರ ಹಣಕಾಸು ನೀತಿ ಹೇಳಿಕೆಯಲ್ಲಿ, ರಘುರಾಂ ರಾಜನ್ ಗವರ್ನರ್ ಆಗಿದ್ದಾಗ, ರಿಸರ್ವ್ ಬ್ಯಾಂಕ್ ಗ್ರಾಹಕರ ಪರವಾಗಿ ಸ್ಪಷ್ಟ ನಿಲುವು ತಳೆದಿತ್ತು. ಗ್ರಾಹಕರ ಕಷ್ಟದಿಂದಾಗಲೀ ಅವರ ಗಮನ ತಪ್ಪಿದ್ದರಿಂದಾಗಲೀ ಬ್ಯಾಂಕುಗಳು ಲಾಭ ಮಾಡಿಕೊಳ್ಳಬಾರದು. ಬ್ಯಾಲೆನ್ಸ್ ಕಡಿಮೆಯಾದರೆ ದಂಡ ಹಾಕುವ ಬದಲು ಆ ಖಾತೆಯ ಸೌಲಭ್ಯಗಳನ್ನು, ಮಿನಿಮಮ್ ಬ್ಯಾಲೆನ್ಸ್ ಬೇಡದ ಮೂಲ ಉಳಿತಾಯ ಖಾತೆಯ ಮಟ್ಟಕ್ಕೆ ಇಳಿಸಿ, ಬ್ಯಾಲೆನ್ಸ್ ಸರಿಯಾದಾಗ ಮತ್ತೆ ಕೊಡಬೇಕು. ಇದು ಅದರ ಸಾರ. ಇಷ್ಟು ಸರಳ, ಇಷ್ಟು ಮಾನವೀಯ ಪರಿಹಾರ ಬೇರೊಂದಿಲ್ಲ. ಹಣವಿಲ್ಲದವನಿಂದ ಹಣ ಕೀಳದೆ, ಕೊಡುವ ಸೇವೆಯನ್ನು ಮಾತ್ರ ಕಡಿಮೆ ಮಾಡುವುದು.

ಆದರೆ ಅದೇ ವರ್ಷ ನವೆಂಬರ್ 20ರಂದು ಹೊರಬಿದ್ದ ಸುತ್ತೋಲೆಯಲ್ಲಿ ದಂಡ ಉಳಿದುಕೊಂಡಿತು, ಅದಕ್ಕೊಂದಿಷ್ಟು ಕಟ್ಟುಪಾಡು ಬಂತು. 2015ರ ಏಪ್ರಿಲ್ 1ರಿಂದ ಜಾರಿಯಾದ ಆ ಕಟ್ಟುಪಾಡುಗಳನ್ನು ಪ್ರತಿ ಖಾತೆದಾರರೂ ತಿಳಿದಿರಬೇಕು. ಬ್ಯಾಲೆನ್ಸ್ ಕಡಿಮೆಯಾದರೆ ಬ್ಯಾಂಕು ಮೊದಲು ಎಸ್‌ಎಂಎಸ್, ಇಮೇಲ್ ಅಥವಾ ಪತ್ರದ ಮೂಲಕ ತಿಳಿಸಬೇಕು. ಸರಿಪಡಿಸಿಕೊಳ್ಳಲು ಕನಿಷ್ಠ ಒಂದು ತಿಂಗಳು ಕೊಡಬೇಕು. ದಂಡ ಎಷ್ಟು ಕೊರತೆಯೋ ಅದಕ್ಕೆ ತಕ್ಕಷ್ಟು ಮಾತ್ರ ಇರಬೇಕು, ಎಲ್ಲರಿಗೂ ಒಂದೇ ಮೊತ್ತ ಹಾಕುವಂತಿಲ್ಲ. ಮೊತ್ತ ಸೇವೆಯ ನಿಜವಾದ ಖರ್ಚನ್ನು ಮೀರಿ ಅತಿಯಾಗಬಾರದು. ಈ ದಂಡ ಒಂದರಿಂದಲೇ ಖಾತೆ ಮೈನಸ್‌ಗೆ ಹೋಗಬಾರದು. ಎರಡು ವರ್ಷ ವ್ಯವಹಾರವಿಲ್ಲದೆ ನಿಷ್ಕ್ರಿಯವಾದ ಖಾತೆಗೆ ಈ ದಂಡ ಹಾಕುವಂತೆಯೇ ಇಲ್ಲ, ಅದನ್ನು ಮತ್ತೆ ಚಾಲೂ ಮಾಡಿಸಲೂ ಶುಲ್ಕವಿಲ್ಲ. ಹಳೆಯ ಖಾತೆ ಚಾಲೂ ಮಾಡಿಸಲು ಹೋದರೆ ವರ್ಷಗಟ್ಟಲೆಯ ದಂಡ ಕಟ್ಟಬೇಕಾದೀತೆಂದು ಹೆದರಿ ಬ್ಯಾಂಕಿನ ಕಡೆಗೇ ಹೋಗದವರು ನಮ್ಮ ಹಳ್ಳಿಗಳಲ್ಲಿದ್ದಾರೆ. ಅವರಿಗೆ ಈ ಕೊನೆಯ ಮಾತನ್ನು ದಯವಿಟ್ಟು ಯಾರಾದರೂ ಮುಟ್ಟಿಸಿ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಲ್ಲಿ ಎಷ್ಟೋ ಕಡೆ ಮೊಬೈಲ್ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ. ಅಲ್ಲಿಗೆ ಎಸ್‌ಎಂಎಸ್ ಕಳಿಸಿ ‘ತಿಳಿಸಿದ್ದೇವೆ’ ಎಂದರೆ ನಿಯಮದ ಅಕ್ಷರ ಪಾಲಿಸಿದಂತೆ, ಅರ್ಥ ಪಾಲಿಸಿದಂತಲ್ಲ. ಗ್ರಾಹಕರು ಬಳಸುವ ಅರ್ಜಿ, ಚಲನ್, ಪಾಸ್‌ಬುಕ್ಕುಗಳು ಇಂಗ್ಲಿಷ್, ಹಿಂದಿ ಜೊತೆಗೆ ಆಯಾ ರಾಜ್ಯದ ಭಾಷೆಯಲ್ಲೂ ಇರಬೇಕೆಂಬ ಸೂಚನೆಯೂ ಇದೆ. ಆದರೂ ಪಾಸ್‌ಬುಕ್ಕಿನಲ್ಲಿ ಕಟ್ಟಾದ ಮೊತ್ತದ ಎದುರು ಅಚ್ಚಾಗುವುದು ಇಂಗ್ಲಿಷಿನ ನಾಲ್ಕೈದು ಸಂಕ್ಷೇಪಾಕ್ಷರ. ಯಾಕೆ ಕಟ್ಟಾಯಿತು ಎಂದೇ ತಿಳಿಯದವರು ಮುಂದಿನ ತಿಂಗಳು ಅದನ್ನು ತಪ್ಪಿಸುವುದು ಹೇಗೆ?

ಇನ್ನು ಬೌನ್ಸ್ ಶುಲ್ಕ. ಮಿನಿಮಮ್ ಬ್ಯಾಲೆನ್ಸ್ ದಂಡ ಕಡಿಮೆಯಾಗುತ್ತಿರುವ ಈ ಹೊತ್ತಿನಲ್ಲಿ ನಮ್ಮ ಭಾಗದ ಮನೆಗಳನ್ನು ನಿಜವಾಗಿ ಕಾಡುತ್ತಿರುವುದು ಇದೇ. ಬೈಕು, ಟಿ.ವಿ., ಮೊಬೈಲು, ಕೈಸಾಲ ಎಲ್ಲಕ್ಕೂ ಆಟೋ ಡೆಬಿಟ್ ಸಹಿ. ಕಂತು 3,200, ಖಾತೆಯಲ್ಲಿರುವುದು 3,150 ಎಂದಿಟ್ಟುಕೊಳ್ಳಿ. ಐವತ್ತು ರೂಪಾಯಿ ಕಡಿಮೆ. ಕಂತು ವಾಪಸ್ ಹೋಗುತ್ತದೆ. ಖಾತೆ ಇರುವ ಬ್ಯಾಂಕು 250 ರೂಪಾಯಿ ಶುಲ್ಕ, 45 ರೂಪಾಯಿ ಜಿಎಸ್‌ಟಿ ಎಂದು 295 ಕಟ್ ಮಾಡುತ್ತದೆ. ಈ 295 ಎಂಬ ಅಂಕಿ ನಮ್ಮ ಜನರಿಗೆ ಪಾಸ್‌ಬುಕ್ಕಿನಿಂದ ಕಂಠಪಾಠವಾಗಿದೆ. ಸಾಲ ಕೊಟ್ಟ ಫೈನಾನ್ಸ್ ಸಂಸ್ಥೆ ತನ್ನದೇ ಬೌನ್ಸ್ ಶುಲ್ಕವನ್ನು ಬೇರೆಯಾಗಿ ಹಾಕುತ್ತದೆ. ಎರಡು ದಿನ ಬಿಟ್ಟು ಅದೇ ಕಂತನ್ನು ಮತ್ತೆ ಎಳೆಯಲು ನೋಡುತ್ತದೆ. ಈಗ ಖಾತೆಯಲ್ಲಿ 2,855 ಮಾತ್ರ ಇದೆ, ಮೊದಲ ಶುಲ್ಕ ನುಂಗಿದ್ದರಿಂದ ಕೊರತೆ ಐವತ್ತರಿಂದ 345ಕ್ಕೆ ಏರಿದೆ. ಮತ್ತೆ ವಾಪಸ್, ಮತ್ತೆ 295. ಖಾತೆ ಖಾಲಿ ಇದ್ದರೆ ಶುಲ್ಕ ಬಾಕಿಯಾಗಿ ಕಾದು ಕುಳಿತು, ಮುಂದೆ ಹಾಲಿನ ದುಡ್ಡೋ ಗೃಹಲಕ್ಷ್ಮಿಯ 2,000 ರೂಪಾಯಿಯೋ ಬಂದು ಬಿದ್ದಾಗ ಅದನ್ನೇ ಹಿಡಿಯುತ್ತದೆ. ನಮ್ಮ ಕಡೆ ಇದಕ್ಕೆ ‘ದುಡ್ಡು ಹಿಡ್ಕಂಡವ್ರೆ’ ಅನ್ನುತ್ತಾರೆ.

ಮೊದಲ ಬೌನ್ಸ್‌ಗೆ ಒಂದು ಸಾಧಾರಣ ಶುಲ್ಕ ಇರಲಿ, ಅದಕ್ಕೆ ನನ್ನ ತಕರಾರಿಲ್ಲ. ದಿನಾಂಕ ಗೊತ್ತಿತ್ತು, ಮೊತ್ತ ಗೊತ್ತಿತ್ತು, ಹೊಣೆ ಸಾಲಗಾರರದೇ. ಆದರೆ ಎರಡನೆಯ, ಮೂರನೆಯ ಯತ್ನ ಯಾವಾಗ ನಡೆಯುತ್ತದೆಂದು ಸಾಲಗಾರರಿಗೆ ಗೊತ್ತಿರುವುದಿಲ್ಲ. ಅದನ್ನು ನಿರ್ಧರಿಸುವವರು ಬೇರೆ, ಅದರ ಖರ್ಚು ಹೊರುವವರು ಬೇರೆ. ಐವತ್ತು ರೂಪಾಯಿ ಕಡಿಮೆಯಾದರೂ ಮೂರು ಸಾವಿರ ಕಡಿಮೆಯಾದರೂ ಶುಲ್ಕ ಒಂದೇ. ಕೊರತೆಗೆ ತಕ್ಕಷ್ಟು ದಂಡ ಎಂಬ 2014ರ ತತ್ವವನ್ನು ಇಲ್ಲಿಗೂ ತರದಿರಲು ನನಗಂತೂ ಕಾರಣ ಕಾಣುವುದಿಲ್ಲ. ಎಟಿಎಂನಲ್ಲಿ ಹಣ ಸಾಲದೆ ಬರಿಗೈಲಿ ಹಿಂದಿರುಗಿದವರಿಂದ ಶುಲ್ಕ ಪಡೆಯುವುದಂತೂ ಯಾವ ರೀತಿಯಿಂದಲೂ ಸರಿಯಲ್ಲ. ‘ಹಣ ಇಲ್ಲ’ ಎಂಬ ಒಂದು ಸಾಲು ತೋರಿಸಿದ್ದಕ್ಕೆ ಬೇರೆ ಬೇರೆ ಬ್ಯಾಂಕುಗಳು ಇಪ್ಪತ್ತು, ಇಪ್ಪತ್ತೈದು ರೂಪಾಯಿ ಪಡೆಯುತ್ತವೆ.

ಮೇಲೆ ಹೇಳಿದ ಸರಣಿಯ ಕೊನೆಗೆ ಏನಾಗುತ್ತದೆಂದು ಚಾಮರಾಜನಗರ ಜಿಲ್ಲೆ ನೋಡಿದೆ. 2025ರ ಜನವರಿಯಲ್ಲಿ ಮೈಕ್ರೊ ಫೈನಾನ್ಸ್ ವಸೂಲಿಗೆ ಅಂಜಿ ಮನೆಗೆ ಬೀಗ ಹಾಕಿ ಊರು ಬಿಟ್ಟ ಕುಟುಂಬಗಳ ಸುದ್ದಿ ಈ ಜಿಲ್ಲೆಯಿಂದಲೇ ಬಂತು. ಮುಂದಿನ ತಿಂಗಳು ರಾಜ್ಯ ಸರ್ಕಾರ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತಂದಿತು. ಆ ಮನೆಗಳ ಸಂಕಟಕ್ಕೆ ಬ್ಯಾಂಕ್ ಶುಲ್ಕವೊಂದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಒಂದು ಸಾಲ ತೀರಿಸಲು ಇನ್ನೊಂದು ಸಾಲ ಮಾಡುವ ಮನೆಯಲ್ಲಿ 295 ರೂಪಾಯಿ ಎಂದರೆ ವಾರದ ಸಂತೆಯ ಖರ್ಚು, ಅಷ್ಟನ್ನು ಮಾತ್ರ ಹೇಳುತ್ತಿದ್ದೇನೆ. ತಡವಾದ ಕಂತಿಗೆ ದಂಡ ಹಾಕುವುದಾದರೆ ಬಾಕಿ ಇರುವ ಮೊತ್ತದ ಮೇಲೆ ಮಾತ್ರ ಹಾಕಬೇಕು, ಇಡೀ ಸಾಲದ ಮೇಲಲ್ಲ ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಮೈಕ್ರೊ ಫೈನಾನ್ಸ್ ಸಾಲಗಳಿಗೆ ಹೇಳಿದೆ. 2023ರ ಆಗಸ್ಟ್ 18ರ ಸುತ್ತೋಲೆಯಲ್ಲಿ, ದಂಡವನ್ನು ಅಸಲಿಗೆ ಸೇರಿಸಿ ಅದರ ಮೇಲೆ ಮತ್ತೆ ಬಡ್ಡಿ ಹಾಕುವುದನ್ನು ಬ್ಯಾಂಕ್ ಮತ್ತು ಫೈನಾನ್ಸ್ ಸಂಸ್ಥೆಗಳಿಗೆ ನಿಷೇಧಿಸಿದೆ. ಸಾಲದ ಖಾತೆಯಲ್ಲಿ ದಂಡ ಆದಾಯದ ಮೂಲವಾಗಬಾರದು ಎಂಬ ಮಾತು ಆ ಸುತ್ತೋಲೆಯ ತಳಹದಿ. ಅದೇ ಮಾತು ಉಳಿತಾಯ ಖಾತೆಗೂ ಸಲ್ಲಬೇಕು.

ಬೇರೆ ದೇಶಗಳಲ್ಲಿ ಈ ಜಗಳ ಕೋರ್ಟ್ ಮೆಟ್ಟಿಲೇರಿದೆ. ಬ್ರಿಟನ್ನಿನಲ್ಲಿ ಅನುಮತಿಯಿಲ್ಲದ ಓವರ್‌ಡ್ರಾಫ್ಟ್‌ಗೆ ಹಾಕುತ್ತಿದ್ದ ಶುಲ್ಕ ನ್ಯಾಯವೇ ಎಂದು ಅಲ್ಲಿನ ವ್ಯಾಪಾರ ನಿಯಂತ್ರಕ ಸಂಸ್ಥೆ ಅಬ್ಬೆ ನ್ಯಾಷನಲ್ ಮತ್ತಿತರ ಬ್ಯಾಂಕುಗಳ ಮೇಲೆ ಮೊಕದ್ದಮೆ ಹೂಡಿತ್ತು. 2009ರ ನವೆಂಬರ್ 25ರಂದು ಸುಪ್ರೀಂ ಕೋರ್ಟ್ ಬ್ಯಾಂಕುಗಳ ಪರ ತೀರ್ಪಿತ್ತಿತು. ಈ ಶುಲ್ಕ ಸೇವೆಯ ಬೆಲೆಯ ಒಂದು ಭಾಗ, ಬೆಲೆ ಹೆಚ್ಚೋ ಕಡಿಮೆಯೋ ಎಂದು ಆ ನಿಯಮಗಳಡಿ ಅಳೆಯಲು ಬರುವುದಿಲ್ಲ ಎಂಬುದು ಅದರ ತಿರುಳು. ಕೋರ್ಟಿನಲ್ಲಿ ಆಗದ್ದನ್ನು 2020ರ ಏಪ್ರಿಲ್‌ನಲ್ಲಿ ನಿಯಂತ್ರಕರು ಮಾಡಿದರು. ದಿನಕ್ಕಿಷ್ಟು, ಸಲಕ್ಕಿಷ್ಟು ಎಂಬ ಶುಲ್ಕ ನಿಂತು ವಾರ್ಷಿಕ ಬಡ್ಡಿ ಮಾತ್ರ ಉಳಿಯಿತು. ಹಲವು ಬ್ಯಾಂಕುಗಳು ಆ ಬಡ್ಡಿಯನ್ನೇ ಶೇ 40ರ ಹತ್ತಿರಕ್ಕೆ ಒಯ್ದವು ಎಂಬುದನ್ನೂ ಮರೆಯುವಂತಿಲ್ಲ. ಅಮೆರಿಕದ ವೆಲ್ಸ್ ಫಾರ್ಗೊ ಪ್ರಕರಣ ಇನ್ನೂ ಕಣ್ಣು ತೆರೆಸುವಂಥದ್ದು. ದಿನದ ಡೆಬಿಟ್‌ಗಳನ್ನು ಬಂದ ಕ್ರಮದಲ್ಲಿ ಕಳೆಯದೆ, ದೊಡ್ಡದನ್ನು ಮೊದಲು ಕಳೆದು ಖಾತೆ ಬೇಗ ಖಾಲಿಯಾಗುವಂತೆ ಮಾಡಿ, ಆಮೇಲೆ ಬಂದ ಒಂದೊಂದು ಸಣ್ಣ ಖರ್ಚಿಗೂ ಬೇರೆ ಬೇರೆ ಶುಲ್ಕ ಹಾಕಲಾಗುತ್ತಿತ್ತು. 2010ರ ಆಗಸ್ಟ್‌ನಲ್ಲಿ ನ್ಯಾಯಾಧೀಶ ವಿಲಿಯಂ ಆಲ್ಸಪ್ ಸುಮಾರು 20 ಕೋಟಿ ಡಾಲರ್ ಹಿಂದಿರುಗಿಸಲು ಆದೇಶಿಸಿದರು. ಗ್ರಾಹಕ ಖರ್ಚು ಮಾಡಿದ್ದು ನಿಜ, ಹಣ ಸಾಲದೆ ಹೋದದ್ದೂ ನಿಜ. ಆದರೆ ಒಂದು ತಪ್ಪನ್ನು ಹತ್ತು ತಪ್ಪಾಗಿ ಎಣಿಸಿದ್ದು ಬ್ಯಾಂಕು.

ನಮ್ಮಲ್ಲಿ 1999ರವರೆಗೆ ಬ್ಯಾಂಕುಗಳ ಸಂಘವೇ ಶುಲ್ಕದ ಮಾದರಿ ದರಗಳನ್ನು ನಿಗದಿ ಮಾಡುತ್ತಿತ್ತು. ಆಮೇಲೆ ಆ ಅಧಿಕಾರ ಆಯಾ ಬ್ಯಾಂಕಿನ ಆಡಳಿತ ಮಂಡಳಿಗೆ ಹೋಯಿತು. ದರ ಸಮಂಜಸವಾಗಿರಬೇಕು, ಸಣ್ಣ ವ್ಯವಹಾರದವರಿಗೆ ಕಡಿಮೆ ಇರಬೇಕು ಎಂದು ರಿಸರ್ವ್ ಬ್ಯಾಂಕ್ ಹೇಳುತ್ತಾ ಬಂದಿದೆ. ಕಾನೂನಿನ ಆಸರೆ ಇಲ್ಲವೆಂದಲ್ಲ. 1872ರ ಕರಾರು ಕಾಯ್ದೆಯ 74ನೇ ಕಲಂ, ಒಪ್ಪಂದದಲ್ಲಿ ಎಷ್ಟೇ ದಂಡ ಬರೆದಿದ್ದರೂ ಸಮಂಜಸ ಪರಿಹಾರದಷ್ಟನ್ನೇ ಕೊಡಿಸುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಆದ ನಷ್ಟಕ್ಕೆ ಹೊಂದದಷ್ಟು ದೊಡ್ಡ ದಂಡ ವಿಧಿಸುವ ಕರಾರನ್ನು ಅನ್ಯಾಯದ ಕರಾರು ಎನ್ನುತ್ತದೆ. ಆದರೆ ಅನ್ಯಾಯದ ಕರಾರಿನ ದೂರು ಜಿಲ್ಲಾ ಗ್ರಾಹಕ ಆಯೋಗದಲ್ಲಿ ನಡೆಯುವುದಿಲ್ಲ, ರಾಜ್ಯ ಆಯೋಗಕ್ಕೇ ಹೋಗಬೇಕು. 295 ರೂಪಾಯಿಗಾಗಿ ಚಾಮರಾಜನಗರದಿಂದ ಬೆಂಗಳೂರಿಗೆ ಅಲೆಯುವವರು ಯಾರು? ಒಬ್ಬೊಬ್ಬರ ನಷ್ಟ ಸಣ್ಣದು, ಎಲ್ಲರದೂ ಕೂಡಿದರೆ ಸಾವಿರಾರು ಕೋಟಿ. 2018ರಿಂದ ಐದು ವರ್ಷಗಳಲ್ಲಿ ಸರ್ಕಾರಿ ಬ್ಯಾಂಕುಗಳು ಮತ್ತು ಐದು ದೊಡ್ಡ ಖಾಸಗಿ ಬ್ಯಾಂಕುಗಳು ಮಿನಿಮಮ್ ಬ್ಯಾಲೆನ್ಸ್ ದಂಡವಾಗಿ ಪಡೆದದ್ದು 21,044 ಕೋಟಿ ರೂಪಾಯಿ ಎಂದು 2023ರ ಆಗಸ್ಟ್‌ನಲ್ಲಿ ರಾಜ್ಯಸಭೆಗೆ ಉತ್ತರ ಸಿಕ್ಕಿತು.

ಹೊಣೆ ತಪ್ಪುವವರು ಖಾತೆದಾರರು ಮಾತ್ರವೇ? ಬಡವರಿಗೆಂದೇ ಇರುವ ಮೂಲ ಉಳಿತಾಯ ಖಾತೆಯಲ್ಲಿ ಮಿನಿಮಮ್ ಬ್ಯಾಲೆನ್ಸ್ ಇಲ್ಲ, ತಿಂಗಳಿಗೆ ಕನಿಷ್ಠ ನಾಲ್ಕು ಸಲ ಹಣ ತೆಗೆಯಬಹುದು. ಜನಧನ ಖಾತೆಯೂ ಇದೇ ಜಾತಿಯದು. ಈ ಖಾತೆಗಳಲ್ಲಿ ನಾಲ್ಕು ದಾಟಿದ ಪ್ರತಿ ಡೆಬಿಟ್‌ಗೂ, ಯುಪಿಐ ಪಾವತಿಯನ್ನೂ ಸೇರಿಸಿ, ಭಾರತೀಯ ಸ್ಟೇಟ್ ಬ್ಯಾಂಕ್ 17 ರೂಪಾಯಿ 70 ಪೈಸೆ ಪಡೆಯುತ್ತಿತ್ತೆಂದು ಬಾಂಬೆ ಐಐಟಿಯ ಪ್ರಾಧ್ಯಾಪಕ ಆಶಿಶ್ ದಾಸ್ ಅಧ್ಯಯನ ಮಾಡಿ ತೋರಿಸಿದರು. 2015ರಿಂದ 2020ರ ನಡುವೆ ಸುಮಾರು 12 ಕೋಟಿ ಖಾತೆಗಳಿಂದ 300 ಕೋಟಿಗೂ ಹೆಚ್ಚು. 2020ರ ಆಗಸ್ಟ್‌ನಲ್ಲಿ ಕೇಂದ್ರ ನೇರ ತೆರಿಗೆ ಮಂಡಳಿ ಸೂಚನೆ ಕೊಟ್ಟ ಮೇಲೆ ಅದರಲ್ಲೊಂದು ಭಾಗ ಖಾತೆದಾರರಿಗೆ ವಾಪಸಾಯಿತು. ಹಣ ಹಿಂದಿರುಗಿಸಿದ್ದು ಒಳ್ಳೆಯದೇ. ಆದರೆ ಹೀಗೆ ಪಡೆದ ಬ್ಯಾಂಕಿಗೆ ದಂಡ ಎಷ್ಟು ಬಿತ್ತು? ಹಳ್ಳಿಯ ಹೆಂಗಸು ಐವತ್ತು ರೂಪಾಯಿಗೆ ತಪ್ಪಿದರೆ ಅವಳಿಗೆ ತಕ್ಷಣ ದಂಡ. ನ್ಯಾಯದ ತಕ್ಕಡಿಯಲ್ಲಿ ಎರಡೂ ತಟ್ಟೆಗೆ ಒಂದೇ ಬೊಟ್ಟು ಇಡಬೇಕು.

ಜನಧನ ಖಾತೆಯಲ್ಲಿ ಓವರ್‌ಡ್ರಾಫ್ಟ್ ಸೌಲಭ್ಯವೂ ಇದೆ ಎಂಬುದು ಬಹಳ ಜನರಿಗೆ ಗೊತ್ತೇ ಇಲ್ಲ. 2014ರಲ್ಲಿ 5,000 ಇದ್ದ ಮಿತಿ 2018ರಲ್ಲಿ 10,000ಕ್ಕೆ ಏರಿತು. ಖಾತೆಯಲ್ಲಿ ಆರು ತಿಂಗಳು ಸರಿಯಾಗಿ ವ್ಯವಹಾರ ನಡೆದಿರಬೇಕು, ಮನೆಗೆ ಒಬ್ಬರಿಗೆ, ಹೆಂಗಸರಿಗೆ ಆದ್ಯತೆ. 2,000ದವರೆಗೆ ಷರತ್ತೂ ಇಲ್ಲ. ಗುಂಡ್ಲುಪೇಟೆಯ ಮಂಡಿ ವ್ಯಾಪಾರಿಗೆ ಒ.ಡಿ. ಖಾತೆ ಎಂದರೆ ಗೌರವದ ಸಂಗತಿ. ಹಣ ಕಡಿಮೆ ಬಿದ್ದ ದಿನ ಬ್ಯಾಂಕೇ ಅವನ ಕೈ ಹಿಡಿಯುತ್ತದೆ. ಕೂಲಿ ಹೆಂಗಸಿಗೆ ಹಣ ಕಡಿಮೆ ಬಿದ್ದ ದಿನ ಅದೇ ಬ್ಯಾಂಕು ದಂಡ ಹಾಕುತ್ತದೆ. ಐವತ್ತು ರೂಪಾಯಿ ಕೊರತೆಯ ಕಂತನ್ನು ವಾಪಸ್ ಕಳಿಸುವ ಬದಲು ಈ ಸಣ್ಣ ಓವರ್‌ಡ್ರಾಫ್ಟ್‌ನಿಂದ ತುಂಬಿ ಹತ್ತು ದಿನದ ಬಡ್ಡಿ ಪಡೆದರೆ, ಅದು ಒಂದು ರೂಪಾಯಿಯೂ ಆಗುವುದಿಲ್ಲ.

ಖಾತೆದಾರರು ಮಾಡಬೇಕಾದದ್ದೂ ಇದೆ. ಬಳಸದ ಎರಡನೆಯ, ಮೂರನೆಯ ಖಾತೆ ಮುಚ್ಚಿಸಿ. ಸಾಮಾನ್ಯ ಖಾತೆಯನ್ನು ಮೂಲ ಉಳಿತಾಯ ಖಾತೆಯಾಗಿ ಬದಲಿಸಲು ಅರ್ಜಿ ಕೊಡಿ, ಅದೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಇರಬಾರದಷ್ಟೆ. ಸಾಲ ತೀರಿದ ಮೇಲೆ ಆಟೋ ಡೆಬಿಟ್ ರದ್ದಾಗಿದೆಯೇ ನೋಡಿ. ಮೇ ಕೊನೆಯಲ್ಲಿ ಖಾತೆಯಲ್ಲಿ 456 ರೂಪಾಯಿ ಇರುವಂತೆ ನೋಡಿಕೊಳ್ಳುವುದು ಎಲ್ಲಕ್ಕಿಂತ ಮುಖ್ಯ. ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಯ 436, ಸುರಕ್ಷಾ ವಿಮೆಯ 20 ರೂಪಾಯಿ ಆಗ ಕಟ್ಟಾಗುತ್ತವೆ. ಯಾವುದೋ ದಂಡ ಖಾತೆಯನ್ನು ಬರಿದು ಮಾಡಿ ಆ ಇಪ್ಪತ್ತು ರೂಪಾಯಿ ಉಳಿಯದೆ ಹೋದರೆ, ಆ ಮನೆಯ 2 ಲಕ್ಷದ ಅಪಘಾತ ವಿಮೆಯೇ ಹೋಗುತ್ತದೆ.

ತಪ್ಪಾಗಿ ಕಟ್ಟಾಗಿದೆ ಎನಿಸಿದರೆ ಶಾಖೆಗೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಮುನ್ಸೂಚನೆ ಯಾವಾಗ, ಯಾವ ನಂಬರಿಗೆ ಕಳಿಸಿದಿರಿ ಎಂದು ಕೇಳಿ. ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು. 2021ರ ನವೆಂಬರ್ 12ರಂದು ಬಂದ ಏಕೀಕೃತ ಯೋಜನೆಯಡಿ ಇದಕ್ಕೆ ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಮಾಹಿತಿಗೆ 14448ಕ್ಕೆ ಕರೆ ಮಾಡಬಹುದು. ರಿಸರ್ವ್ ಬ್ಯಾಂಕಿನ ಚಂಡೀಗಢದ ದೂರು ಕೇಂದ್ರ ಯಾವ ಭಾಷೆಯ ದೂರನ್ನೂ ತೆಗೆದುಕೊಳ್ಳುತ್ತದೆ, ಕನ್ನಡದಲ್ಲೇ ಬರೆದು ಕಳಿಸಬಹುದು. ಬರೆಯಲು ಬಾರದವರಿಗೆ ಬರೆದುಕೊಡುವ ಕೆಲಸವನ್ನು ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳೂ ಸ್ತ್ರೀಶಕ್ತಿ ಸಂಘಗಳೂ ವಹಿಸಿಕೊಂಡರೆ ಬಹಳ ಉಪಕಾರವಾದೀತು.

ಇನ್ನೂ ಮಿನಿಮಮ್ ಬ್ಯಾಲೆನ್ಸ್ ಕೇಳುತ್ತಿರುವ ಬ್ಯಾಂಕುಗಳಿಗೆ ನನ್ನ ಬೇಡಿಕೆ ಒಂದೇ. ಬೇಸಾಯಗಾರರ ಖಾತೆಯ ಸರಾಸರಿಯನ್ನು ತಿಂಗಳಿಗೆ ಎಣಿಸಬೇಡಿ, ಕಿಸಾನ್ ಕ್ರೆಡಿಟ್ ಕಾರ್ಡಿನ ಲೆಕ್ಕವನ್ನು ಯಾವ ಬೆಳೆ ವರ್ಷದ ಮೇಲೆ ಇಡುತ್ತೀರೋ ಅದೇ ವರ್ಷಕ್ಕೆ ಎಣಿಸಿ.